‘ಯಾವಾಗ?’ ಎಂದು ಕೇಳುತ್ತಿದ್ದ ಮೇಡಂ

ನಮ್ಮ ಮೇಡಂ ಅವರ ಎಡಗಣ್ಣಿನ ರೆಪ್ಪೆ ಹುಟ್ಟಿನಿಂದಲೇ ಅರ್ಧ ಇಳಿದಿತ್ತು. ಎದುರು ಕೂತವರಿಗೆ ಅವರು ತೂಕಡಿಸುತ್ತಿದ್ದಾರೆ ಎನಿಸುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಬಂದ ಅಭ್ಯರ್ಥಿಗಳು ಆ ಕಣ್ಣನ್ನು ನೋಡಿ ಸ್ವಲ್ಪ ಹೊತ್ತಿಗೆ ಸಡಿಲಾಗುತ್ತಿದ್ದರು. ನಿದ್ದೆಗಣ್ಣಿನವರ ಮುಂದೆ ಯಾರು ತಾನೆ ಬಿಗಿಯಾಗಿ ಕೂತಿರಬಲ್ಲರು?

ಚಿತ್ರದುರ್ಗದಲ್ಲಿ ಮಹಡಿಯ ಮೇಲಿನ ಎರಡು ಕೋಣೆ ಅವರ ಕಚೇರಿ. ಕಂಪನಿಗಳು ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವ ಮೊದಲು ಮನೋಪರೀಕ್ಷೆ ಮಾಡಿಸಲು ಅವರನ್ನು ಕರೆಯುತ್ತಿದ್ದವು. ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಅವರ ಸಹಾಯಕಿಯಾಗಲು ಹೋದ ದಿನ ನನಗೂ ಒಂದು ಪ್ರಶ್ನಾವಳಿ ಕೊಟ್ಟರು. ಜನ ಸೇರಿದ ಕಡೆಯಿಂದ ದೂರ ಇರಬೇಕೆನಿಸುತ್ತದೆಯೇ ಎಂಬಲ್ಲಿ ‘ಹೌದು’ ಎಂದು ಗುರುತು ಹಾಕಿದ್ದೆ. ಮೇಡಂ ಅದರ ಮೇಲೆ ಬೆರಳಿಟ್ಟು, “ಯಾವಾಗ?” ಎಂದರು. ನನಗೆ ಅಷ್ಟು ಬೇಗ ಮಾತು ಬರುವುದಿಲ್ಲ. ಅವರು ಕಾದರು. ಮದುವೆ ಮನೆಗಳಲ್ಲಿ, ಎಂದೆ ಕೊನೆಗೆ.

“ಹಂಗಾದ್ರೆ ಸೋಮವಾರದಿಂದ ಬರ್ರಿ. ಇಲ್ಲಿ ಯಾರೂ ನಿಮಗೆ ಗಂಡು ತೋರ್ಸಲ್ಲ.”

ಪರೀಕ್ಷೆಗೆ ಮೊದಲು ಅವರೇ ಬ್ಲೇಡಿನಿಂದ ಪೆನ್ಸಿಲ್‌ಗಳನ್ನು ಚೂಪು ಮಾಡುತ್ತಿದ್ದರು. ಬರೆಯುವ ಅಭ್ಯರ್ಥಿಗಳ ಮುಖ ನೋಡುತ್ತಿರಲಿಲ್ಲ. ಕಿಟಕಿಯಾಚೆ ಜೋಗಿಮಟ್ಟಿಯ ಕಡೆ ಮಸುಕಾಗಿ ತಿರುಗುವ ಗಾಳಿಯಂತ್ರಗಳನ್ನು ನೋಡುತ್ತ ಕೂರುತ್ತಿದ್ದರು. ಚಹಾ ಆರಿ ಕೆನೆ ಕಟ್ಟಿದ ಮೇಲೆ ಅದರ ನೆನಪಾಗುತ್ತಿತ್ತು. ಅವರ ಜೊತೆಗಿದ್ದ ಮಧ್ಯಾಹ್ನಗಳನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಆ ನಿಧಾನದ ರೆಕ್ಕೆಗಳು.

ಅಂಥದೇ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕಂಪನಿಯೊಂದು ಒಮ್ಮೆ ನಮ್ಮನ್ನು ಹಿರಿಯೂರಿನ ಕಡೆಯ ಗುಡ್ಡದ ಬುಡಕ್ಕೆ ಕರೆಸಿತು. ಕಂಬ ಹತ್ತಿ ರಿಪೇರಿ ಮಾಡುವ ತಂತ್ರಜ್ಞರ ಆಯ್ಕೆ. ತಗಡಿನ ಶೆಡ್ಡಿನಲ್ಲಿ ಮೇಜುಗಳು. ಹೊರಗೆ ರೆಕ್ಕೆ ತಿರುಗಿದಂತೆಲ್ಲ ಅದರ ನೆರಳು ಕಿಟಕಿಯಿಂದ ಬಂದು, ಬರೆಯುವವರ ಕೈಗಳ ಮೇಲೆ ಹಾದು, ಎದುರಿನ ಗೋಡೆ ಹತ್ತಿ ಮಾಯವಾಗುತ್ತಿತ್ತು; ಮತ್ತೆ ಬರುತ್ತಿತ್ತು. ಯಾರೋ ನಿದ್ದೆಯಲ್ಲಿ ಉಸಿರಾಡುತ್ತಿರುವ ಹಾಗಿತ್ತು ಆ ಶೆಡ್ಡು.

ಬಂದವರಲ್ಲಿ ಒಬ್ಬಳೇ ಹುಡುಗಿ. ಐಮಂಗಲದ ಹತ್ತಿರದ ಹಟ್ಟಿಯವಳು, ಕುರಿ ಸಾಕುವ ಮನೆ, ಐಟಿಐ ಎಲೆಕ್ಟ್ರಿಕಲ್ ಓದಿದ್ದಳು. ಕುರಿಯನ್ನೂ ಮೇಲಕ್ಕೆ ಹತ್ತಿಸ್ತೀಯೇನಮ್ಮ ಎಂದು ಒಬ್ಬ ಕಿಚಾಯಿಸಿದ. “ಕುರಿ ಹತ್ತಂಗಿದ್ರೆ ನಿಮ್ಮನ್ಯಾಕೆ ಕರೀತಿದ್ರಣ್ಣ?” ಎಂದಳು. ಕಂಬ ಹತ್ತುವ ಪರೀಕ್ಷೆಯನ್ನು ಅವಳು ಹಿಂದಿನ ದಿನವೇ ಮುಗಿಸಿದ್ದಳು. ಈ ಯಂತ್ರಗಳ ನೆರಳಲ್ಲೇ ಕುರಿ ಕಾದು ಬೆಳೆದವಳಿಗೆ ಅವುಗಳ ಒಳಗೆ ಏನಿದೆ ಎಂದು ನೋಡುವ ಆಸೆ. ಈ ಕೆಲಸ ತಪ್ಪಿದರೆ ಹಿರಿಯೂರಿನ ಅಂಗಡಿಯೊಂದರಲ್ಲಿ ಬಿಲ್ ಬರೆಯಲು ಕೂರಬೇಕೆಂದು ಮನೆಯಲ್ಲಿ ಹೇಳಿದ್ದರಂತೆ.

ಪ್ರಶ್ನಾವಳಿ ಕಂಪನಿಯೇ ಕಳಿಸಿದ್ದು, ಯಾವುದೋ ದೊಡ್ಡ ಊರಿನಲ್ಲಿ ಕನ್ನಡಕ್ಕೆ ತಂದದ್ದು. ಯಾರೋ ಹೊಂಚು ಹಾಕುತ್ತಿದ್ದಾರೆಂದು ರಾತ್ರಿ ಎಚ್ಚರವಾಗುತ್ತದೆಯೇ? ಹೌದು, ಎಂದು ಬರೆದಿದ್ದಳು. ಒಬ್ಬರೇ ಇರುವಾಗ ಗಟ್ಟಿಯಾಗಿ ಮಾತಾಡುತ್ತೀರಾ? ಹೌದು. ಯಾರೂ ಕಾಣದಿದ್ದರೂ ನಿಮ್ಮ ಹೆಸರು ಹಿಡಿದು ಕರೆದಂತೆ ಕೇಳಿಸುತ್ತದೆಯೇ? ಹೌದು. ನಾನು ಅಂಕ ಕೂಡಿದೆ. ಎತ್ತರದ ಕೆಲಸಕ್ಕೆ ಅಪಾಯ ಎಂಬ ಗೆರೆಯನ್ನು ಅವಳು ಬಹಳ ದೂರ ದಾಟಿದ್ದಳು.

ಕಂಪನಿಯ ಅಧಿಕಾರಿ ಹಾಳೆ ನೋಡಿ ಅದನ್ನು ಬದಿಗಿಟ್ಟರು. ಮೇಡಂ ಅದನ್ನು ಮತ್ತೆ ಎಳೆದುಕೊಂಡು ಅವಳನ್ನು ಕರೆಸಿದರು.

“ಕುಂತ್ಕ ತಂಗಿ. ರಾತ್ರಿ ಎಚ್ಚರ ಆಗ್ತದೆ ಅಂದಿದೀಯ. ಯಾವಾಗ?”

“ಕುರಿ ಈಯೋ ಕಾಲದಾಗೆ, ಮೇಡಂ. ಕುರಿ ಕೂಡೋ ರೊಪ್ಪದ ಬಾಗ್ಲಾಗೇ ಮಲಗ್ತೀವಿ. ತೋಳ ಕಾಯ್ತಿರ್ತಾವೆ. ಎಚ್ಚರ ಆಗ್ದಿದ್ರೆ ಬೆಳಗ್ಗೆ ಮರಿ ಇರಲ್ಲ.”

ಒಬ್ಬಳೇ ಯಾರ ಜೊತೆ ಮಾತಾಡುತ್ತಾಳೆಂದು ಕೇಳಿದರು. ಕುರಿಗಳ ಜೊತೆ, ದನಿ ಕೇಳುತ್ತಿದ್ದರೆ ಅವು ಚದುರುವುದಿಲ್ಲ, ಎಂದಳು.

“ಹೆಸರು ಹಿಡಿದು ಕರೆಯೋದು?”

“ನಮ್ಮಪ್ಪ. ಆ ಗುಡ್ಡದಾಗೆ ಕುಂತು ಕೂಗ್ತಾನೆ. ಕಾಣ್ಸಲ್ಲ, ಗಾಳಿ ಈ ಕಡೆ ಬೀಸಿದ್ರೆ ಕೇಳ್ತೈತೆ.”

ರೆಕ್ಕೆಯ ನೆರಳು ಅವಳ ಮುಖದ ಮೇಲೆ ಹಾದುಹೋಯಿತು. ಅಧಿಕಾರಿ ನಕ್ಕರು. “ಮೇಡಂ, ನಾವು ಕೇಳಿದ್ದು ಕಂಬ ಹತ್ತೋರನ್ನ, ಕಥೆ ಹೇಳೋರನ್ನಲ್ಲ. ಒಬ್ಬಳಿಗೆ ಹಿಂಗೆ ಕೇಳಿದ್ರೆ ಉಳಿದೋರಿಗೆ ಅನ್ಯಾಯ ಅಲ್ವಾ?”

“ಹೌದ್ರಿ, ಅನ್ಯಾಯನೇ,” ಎಂದರು ಮೇಡಂ. “ಒಬ್ಬರಿಗೆ ಕೇಳಿದ್ರೆ ಅದು ಕನಿಕರ. ಎಲ್ರಿಗೂ ಕೇಳಿದ್ರೆ ಪರೀಕ್ಷೆ. ಎಲ್ರಿಗೂ ಕೇಳ್ತೀನಿ. ಪಟ್ಟಿ ನಾಳೆ.”

ಸಂಜೆಗೆ ಪಟ್ಟಿ ಕೊಡದಿದ್ದರೆ ಮುಂದಿನ ಸಲ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದರು ಅಧಿಕಾರಿ. ನೋಡಿಕೊಳ್ಳಿರಿ ಎಂದು ಮೇಡಂ ಮೆತ್ತಗೆ ಹೇಳಿ ಇನ್ನೊಬ್ಬ ಅಭ್ಯರ್ಥಿಯನ್ನು ಕರೆದರು. ಅವನು ಯಾವ ತೊಂದರೆಯೂ ಇಲ್ಲವೆಂದು ಬರೆದಿದ್ದವನು, ಎಲ್ಲರಿಗಿಂತ ಚೊಕ್ಕಟ ಹಾಳೆ. ನಿಮಗೆ ಎಂದೂ ಭಯವೇ ಆಗಿಲ್ಲವಲ್ಲ, ಕೊನೆಯ ಸಲ ಧೈರ್ಯ ಬೇಕಾದದ್ದು ಯಾವಾಗ ಎಂದು ಕೇಳಿದರು. ಅವನು ಮೇಡಂ ಅವರ ಅರ್ಧ ಮುಚ್ಚಿದ ಕಣ್ಣನ್ನು ಸ್ವಲ್ಪ ಹೊತ್ತು ನೋಡಿ, “ನಮ್ಮ ಭಾವ ಇಲ್ಲೇ ಕೆಲ್ಸ ಮಾಡೋದು ಮೇಡಂ. ಕಣ್ಣು ಮುಚ್ಕಂಡು ಎಲ್ಲದಕ್ಕೂ ‘ಇಲ್ಲ’ ಹಾಕಲೇ ಅಂದಿದ್ದ,” ಎಂದುಬಿಟ್ಟ. ಮೇಡಂ ಬಹಳ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಮರುದಿನ ಮೇಡಂ ಕೊಟ್ಟ ಪಟ್ಟಿಯಂತೆ ಹುಡುಗಿಗೆ ಕೆಲಸ ಸಿಕ್ಕಿತು. ಆ ಕಂಪನಿ ನಮ್ಮನ್ನು ಮತ್ತೆ ಕರೆಯಲಿಲ್ಲ. ಮೇಡಂ ಎಂದಿನಂತೆ ಆರಿದ ಚಹಾ ಕುಡಿದು, ಪೆನ್ಸಿಲ್ ಚೂಪು ಮಾಡಿದರು.

ಮೇಡಂ ಹೋದದ್ದು ಕಳೆದ ಬೇಸಿಗೆಯಲ್ಲಿ, ಸ್ವಲ್ಪ ಕಾಲದ ಕಾಯಿಲೆಯ ನಂತರ. ಅಂದು ಅವರ ಎರಡೂ ರೆಪ್ಪೆಗಳು ಒಂದೇ ಸಮ ಮುಚ್ಚಿದ್ದವು. ಬೇರೆ ಯಾರನ್ನೋ ಮಲಗಿಸಿದ ಹಾಗೆ ಕಂಡು ನಾನು ಬಾಗಿಲಲ್ಲೇ ನಿಂತೆ.

ಈಗ ಆ ಎರಡು ಕೋಣೆಗಳಲ್ಲಿ ಪರೀಕ್ಷೆ ನಡೆಸುವುದು ನಾನು. ಕಳೆದ ತಿಂಗಳು ಹೆದ್ದಾರಿಯ ಪಕ್ಕ, ಐಮಂಗಲದ ಹೋಟೆಲ್ಲೊಂದರಲ್ಲಿ ಆ ಹುಡುಗಿ ಸಿಕ್ಕಳು. ಕಂಪನಿಯ ಜಾಕೆಟ್ಟು, ಅಂಗೈಯಲ್ಲಿ ಗ್ರೀಸಿನ ಕಲೆ. ಮೇಲೆ ಹತ್ತಿದಾಗ ಅಪ್ಪನ ಕೂಗು ಇನ್ನೂ ಚೆನ್ನಾಗಿ ಕೇಳುತ್ತದೆಂದಳು. ಆಮೇಲೆ ಕೇಳಿದಳು:

“ಮೇಡಂ ನೆನಪಾಗ್ತಾರೇನಕ್ಕ?”

ಹೌದು, ಎಂದೆ.

“ಯಾವಾಗ?”

ನನಗೆ ಅಷ್ಟು ಬೇಗ ಮಾತು ಬರುವುದಿಲ್ಲ. ಅವಳು ಕಾದಳು. ದೂರದಲ್ಲಿ ರೆಕ್ಕೆಗಳು ತಿರುಗುತ್ತಿದ್ದವು.

“ಅಂಕ ಕೂಡಿ ಮುಗಿಸಿದ ಮೇಲೆ,” ಎಂದೆ. “ಹಾಳೆ ಬದಿಗಿಡೋಕೆ ಮೊದಲು.”