ಮೇಲಿನ ಮನೆಯ ಅಕ್ಕನ ಫ್ಯೂಷಿಯಾ

ಮೇಲಿನ ಮನೆಯ ಅಕ್ಕನ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರಾಗಿರುತ್ತಿತ್ತು. ಗಿಡದ ಚಿಗುರು ಚಿವುಟಿ ಚಿವುಟಿ ಅದರ ಬಣ್ಣವೇ ಹಾಗಾಗಿತ್ತು. "ಚಿವುಟದಿದ್ರೆ ಬರೀ ಉದ್ದ ಹೋಗ್ತದೆ, ಹೂ ಬಿಡುದಿಲ್ಲ" ಎನ್ನುತ್ತಿದ್ದರು.

ಮುಂಬೈಯ ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದವರೆಂದರೆ ಎರಡೇ ಮನೆ. ನಾವು ವಿಜಯಪುರದವರು. ಅವರು ಕುಂದಾಪುರದ ಕಡೆಯವರು, ಗಂಡನಿಗೆ ಫೋರ್ಟ್ ಪೇಟೆಯ ಹೋಟೆಲೊಂದರಲ್ಲಿ ಕೆಲಸ. ಆ ಗಿಡವನ್ನು ಅವರ ಒಬ್ಬಳೇ ಮಗಳು ಕಾಲೇಜಿನ ಟೂರಿಗೆ ಊಟಿಗೆ ಹೋದಾಗ ತಂದಿದ್ದಳು. ಫ್ಯೂಷಿಯಾ. ಕೆಂಪು, ನೇರಳೆ ಹೂಗಳು ಜುಮಕಿಯಂತೆ ತೂಗುತ್ತವೆ. ಗಟ್ಟಿ ಜಾತಿ, ಚಳಿಗೆ ಸಾಯುವುದಿಲ್ಲ ಎಂದು ನರ್ಸರಿಯವನು ಹೇಳಿದ್ದನಂತೆ. ಮುಂಬೈಯಲ್ಲಿ ಗಿಡ ಸಾಯುವುದು ಸೆಕೆಗೆ. ಅಕ್ಕ ಕುಂಡವನ್ನು ಬಿಸಿಲು ಬೀಳದ ಗ್ಯಾಲರಿಯಲ್ಲಿಟ್ಟು, ಸುತ್ತ ಒದ್ದೆ ಗೋಣಿ ಸುತ್ತಿ, ತಂಪಿರಲೆಂದು ಅಡಿಯಲ್ಲಿ ನೀರು ತುಂಬಿದ ತಟ್ಟೆ ಇಟ್ಟರು.

ಆ ಮಳೆಗಾಲದಲ್ಲಿ ಮಗಳಿಗೆ ಡೆಂಗಿ ಬಂತು. ಜ್ವರ ಬಿಟ್ಟಿತು, ಗುಣವಾಯಿತೆಂದೇ ಎಲ್ಲರೂ ನಂಬಿದರು. ಮರುದಿನ ಹುಡುಗಿಯ ಕೈಕಾಲು ತಣ್ಣಗಾದವು. ಆಸ್ಪತ್ರೆ ಮುಟ್ಟಿಸಿದರೂ ಉಳಿಯಲಿಲ್ಲ.

ಹುಡುಗಿಯ ಉತ್ತರಕ್ರಿಯೆ ಮುಗಿಯುವ ಮೊದಲೇ ಮುನ್ಸಿಪಾಲಿಟಿಯ ಸೊಳ್ಳೆ ತಪಾಸಣೆಯವನು ಬಂದು ತಟ್ಟೆಗೆ ಟಾರ್ಚ್ ಬಿಟ್ಟ. "ಯೇ ದೇಖೋ" ಎಂದ. ನೀರಿನಲ್ಲಿ ಸಣ್ಣ ಹುಳುಗಳು ಮೇಲೆ ಕೆಳಗೆ ಆಡುತ್ತಿದ್ದವು. ನಾನು ಪಕ್ಕದಲ್ಲೇ ನಿಂತಿದ್ದೆ. ಅಕ್ಕನೂ ನೋಡಿದರು.

ಕಚ್ಚಿದ ಸೊಳ್ಳೆ ಎಲ್ಲಿಯದೆಂದು ಯಾರು ಹೇಳಬಲ್ಲರು? ಆದರೆ ಆ ತಟ್ಟೆಯದೇ ಎಂದು ಬಿಲ್ಡಿಂಗಿನವರು ಹೇಳಿದರು, ಲಿಫ್ಟಿನಲ್ಲಿ, ಗೇಟಿನ ಹತ್ತಿರ, ಅಕ್ಕನಿಗೆ ಕೇಳಿಸುವಂತೆ. ಗಂಡ ಕುಂಡವನ್ನು ಎಸೆಯಲು ಎತ್ತಿದರೆ ಅಕ್ಕ ಅಡ್ಡ ನಿಂತರು.

"ಗಿಡ ಎಂತ ಮಾಡಿದೆ? ನೀರು ಇಟ್ಟದ್ದು ನಾನು."

ತಟ್ಟೆ ಮಾತ್ರ ಹೋಯಿತು. ಆಮೇಲೆ ದಿನಾ ಕುಂಡವನ್ನು ಬಚ್ಚಲಿಗೆ ಹೊತ್ತು, ನೀರು ಹಾಕಿ, ಕೊನೆಯ ಹನಿ ಇಳಿಯುವವರೆಗೆ ಕಾದು ಮತ್ತೆ ಗ್ಯಾಲರಿಗೆ ತರುತ್ತಿದ್ದರು. ಮರುವರ್ಷ ಮೇ ತಿಂಗಳಲ್ಲಿ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯಿತು. ಮಳೆ ಬಿದ್ದ ಮೇಲೆ ಚಿಗುರಿತು.

ಆ ವರ್ಷದ ಅಕ್ಟೋಬರ್ ಸೆಕೆಯಲ್ಲಿ ನನ್ನ ಮಗಳಿಗೆ ಜ್ವರ. ಅಕ್ಕ ವಿಚಾರಿಸಲು ಬಂದಾಗ "ಜ್ವರ ಬಿಟ್ಟಾವ್ರಿ ಅಕ್ಕಾ, ಮಕ್ಕೊಂಡಾಳ" ಎಂದೆ. ಅವರು ಒಳಗೆ ಹೋಗಿ ಅವಳ ಪಾದ ಮುಟ್ಟಿದರು.

"ಈಗಲೇ ರಿಕ್ಷಾ ಕರಿ. ಇದು ಬಿಟ್ಟ ಮೇಲೇ ಕೊಲ್ಲುದು."

ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮಗಳು ಉಳಿದಳು. ಅಷ್ಟೂ ದಿನ ಅಕ್ಕ ಆಸ್ಪತ್ರೆ ಬಿಟ್ಟು ಕದಲಲಿಲ್ಲ. ಗಿಡದ ನೆನಪು ಯಾರಿಗೂ ಆಗಲಿಲ್ಲ. ಮರಳಿ ಬಂದಾಗ ಅದು ಬುಡದವರೆಗೆ ಒಣಗಿತ್ತು. ನನಗೆ ಅಳು ತಡೆಯಲಾಗಲಿಲ್ಲ. "ಸುಮ್ನಿರು ಮಾರಾಯ್ತಿ" ಎಂದು ಅಕ್ಕ ಮಣ್ಣನ್ನು ಕೆಳಗಿನ ಮರದ ಬುಡಕ್ಕೆ ಸುರಿದು ಬಂದರು. ಮತ್ತೆ ಏನನ್ನೂ ನೆಡಲಿಲ್ಲ.

ಅಂದಿನಿಂದ ಮಗಳನ್ನು ದಿನವೂ ಅವರ ಮನೆಗೆ ಕಳಿಸುತ್ತಿದ್ದೆ. ಅದರಿಂದ ಅವರಿಗೆ ಸಮಾಧಾನವೆಂದು ನನ್ನ ನಂಬಿಕೆ. ಹೋದ ವರ್ಷ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ಅಕ್ಕ ನನ್ನನ್ನು ಹತ್ತಿರ ಕರೆದರು.

"ನಿನ್ನ ಮಗಳನ್ನು ಕಂಡ್ರೆ ನಂಗೆ ಖುಷಿ ಅಂತ ನೀನು ಕಳಿಸುದು. ಖುಷಿ ಇಲ್ಲ. ಎಷ್ಟೋ ದಿನ ಅವಳ ಮುಖ ನೋಡ್ಲಿಕ್ಕೇ ಆಗ್ತಿರ್ಲಿಲ್ಲ."

ಅವರು ಉಸಿರು ಎಳೆದುಕೊಂಡು, "ಆದ್ರೂ ನಾಳೆ ಕಳಿಸು" ಎಂದರು.

ಕಳಿಸಿದೆ. ಅಕ್ಕ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು, ಮುಖ ಮಾತ್ರ ಗೋಡೆಯ ಕಡೆ ತಿರುಗಿಸಿ ಮಲಗಿದ್ದರಂತೆ. ಆ ವಾರವೇ ತೀರಿಕೊಂಡರು.