ಪತ್ತಾರಕ್ಕನ ಖಾಲಿ ಹತ್ತಿಕಾಯಿ

ಪತ್ತಾರಕ್ಕನಿಗೆ ಎಡಗಡೆಯ ಹುಬ್ಬು ಅರ್ಧವೇ ಇತ್ತು. ಮೂಗಿನ ಕಡೆಯ ಅರ್ಧ ದಟ್ಟವಾಗಿ ಕಪ್ಪಗಿತ್ತು. ಕಿವಿಯ ಕಡೆಯ ಅರ್ಧವನ್ನು ಗ್ಯಾಸಿನ ಉರಿ ನೆಕ್ಕಿಬಿಟ್ಟು, ಅಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಶಹಾಪುರದಲ್ಲಿ ಇರುವಾಗ ಅವಳು ಅದನ್ನು ಹಾಗೇ ಬಿಟ್ಟುಕೊಂಡು ತಿರುಗುತ್ತಿದ್ದಳು. ಹೈದರಾಬಾದಿಗೆ ಹೋಗುವ ದಿನ ಮಾತ್ರ ಕನ್ನಡಿಯ ಮುಂದೆ ಕುಳಿತು, ಕಡ್ಡಿಯ ತುದಿಗೆ ಕಾಡಿಗೆ ಹಚ್ಚಿ, ಇಲ್ಲದ ಅರ್ಧವನ್ನು ಬರೆದುಕೊಳ್ಳುತ್ತಿದ್ದಳು. "ಇಲ್ಲಿ ನನ್ನ ಮುಖ ನೋಡೋರು ಯಾರದಾರ? ಅಲ್ಲಿ ಸೇಠ್ ನೋಡ್ತಾನ" ಅನ್ನುತ್ತಿದ್ದಳು.

ಮೊಮ್ಮಕ್ಕಳೇ, ಹೋದ ಸಲ ರಜೆಗೆ ಬಂದಾಗ ನಿಮ್ಮಲ್ಲಿ ಚಿಕ್ಕವಳು ನನ್ನ ಕೊರಳಲ್ಲಿರುವುದನ್ನು ಹಿಡಿದು "ಅಜ್ಜಿ, ಇದು ಸ್ಟೀಲಾ? ಯಾಕಿಷ್ಟು ಗೀರು?" ಎಂದು ಕೇಳಿದಳು. ನಾನು ಹ್ಞೂಂ ಅಂದುಬಿಟ್ಟೆ. ಎದುರಿಗೆ ಕುಳಿತವರಿಗೆ ಉದ್ದದ ಮಾತು ಹೇಳಲು ನನಗೆ ಮೊದಲಿನಿಂದಲೂ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಕಾಲುವೆಯ ಮೇಲೆ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಕಾಲುವೆ ದಂಡೆಯ ಸರ್ಕಾರಿ ಮನೆ ಬಿಡಬೇಕಾಯಿತು. ನಿಮ್ಮ ತಾಯಿಯ ಮದುವೆ ಅದಾಗಲೇ ಆಗಿತ್ತು. ಶಹಾಪುರದಲ್ಲಿ ಪತ್ತಾರರ ಮನೆಯ ಹಿಂದಿನ ಖೋಲಿಯನ್ನು ಬಾಡಿಗೆಗೆ ಹಿಡಿದೆ. ನಮ್ಮ ಕಡೆ ಬಂಗಾರದ ಕೆಲಸದವರನ್ನು ಪತ್ತಾರರು ಅನ್ನುತ್ತೇವೆ. ಆ ಮನೆಯಲ್ಲಿ ಇದ್ದವರು ಇಬ್ಬರೇ, ಮುದುಕ ಪತ್ತಾರರು ಮತ್ತು ಅವರ ಮಗಳು. ಮಗಳು ನನಗಿಂತ ದೊಡ್ಡವಳು. ನನಗೆ ಅವಳು ಪತ್ತಾರಕ್ಕ.

ಮೊದಲ ಕೆಲವು ತಿಂಗಳು ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಹಾಲಿನವನಿಗೆ ಪಾತ್ರೆ ಚಾಚಿದರೆ ಸಾಕಿತ್ತು, ಮಾತು ಬೇಕಿರಲಿಲ್ಲ. ಕಾಲುವೆಯ ಮನೆಯಲ್ಲಿ ದಿನವಿಡೀ ನೀರಿನ ಸದ್ದಿರುತ್ತಿತ್ತು. ಇಲ್ಲಿ ಅದೂ ಇರಲಿಲ್ಲ. ಗೋಡೆಯಾಚೆ ಆಗಾಗ ಹಾವು ಬುಸುಗುಟ್ಟಿದಂಥ ಸದ್ದೊಂದು ಬರುತ್ತಿತ್ತು, ಅಷ್ಟೇ. ಒಂದು ಮಧ್ಯಾಹ್ನ ಅದೇನೆಂದು ನೋಡಲು ಹೋಗಿ ಬಾಗಿಲಲ್ಲಿ ನಿಂತೆ. ಪತ್ತಾರಕ್ಕ ತಲೆ ಎತ್ತದೆ, ಕರಿ ಗಾಜಿನ ಚಸ್ಮವೊಂದನ್ನು ನನ್ನ ಕಡೆ ಚಾಚಿದಳು. ಹಾಕಿಕೊಂಡೆ. ಮನೆ, ಗೋಡೆ, ಅವಳ ಕೈ ಎಲ್ಲ ಮಾಯವಾದವು. ಕತ್ತಲಲ್ಲಿ ಜೋಳದ ಕಾಳಿನಷ್ಟು ದೊಡ್ಡ ಸೂರ್ಯನೊಂದು ನಡುಗುತ್ತ ನಿಂತಿತ್ತು.

"ಪ್ಲಾಟಿನಂ" ಅಂದಳು. "ಬರೇ ಕಣ್ಣಲ್ಲಿ ನೋಡಿದ್ರ ಕಣ್ಣು ಹೋಗ್ತಾವ. ಕುಂದ್ರು ತಂಗೀ."

ಅಂದು ಕುಳಿತವಳು, ಅವಳಿರುವತನಕ ಅಲ್ಲೇ ಕುಳಿತೆ ಅನ್ನಬಹುದು.

ಅವಳ ಗಂಡ ಹೈದರಾಬಾದಿನಲ್ಲಿ ಬಂಗಾರದ ಕೆಲಸಕ್ಕಿದ್ದ. ಅಲ್ಲಿಯ ಒಂದು ಕಾರ್ಖಾನೆಗೆ ಪ್ಲಾಟಿನಂ ಹೊಸದಾಗಿ ಬಂದಾಗ, ತಿಕ್ಕಿ ಹೊಳಪು ಕೊಡುವುದಕ್ಕೆ ಹೆಂಗಸರನ್ನು ಕರೆದರಂತೆ. ಇವಳು ಹೋದಳು. ತಿಕ್ಕುತ್ತ ತಿಕ್ಕುತ್ತಲೇ ಬೆಸೆಯುವುದನ್ನು ಕಲಿತಳು. ಆ ನಡುವೆ ಗಂಡ ಬೇರೊಬ್ಬಳ ಜೊತೆ ಮನೆ ಮಾಡಿದ. ಇವಳು ತವರಿಗೆ ಬಂದಳು. ಹೈದರಾಬಾದಿನ ಒಡವೆ ಅಂಗಡಿಯ ಸೇಠ್ ಪ್ಲಾಟಿನಂ ತಂತಿ, ತಗಡು ಕೊಟ್ಟು ಕಳಿಸುತ್ತಿದ್ದ. ಅವನು ಕೊಟ್ಟ ಚಿತ್ರದಂತೆ ಉಂಗುರ, ಓಲೆ ಮಾಡಿ, ಊಟದ ಡಬ್ಬಿಯಲ್ಲಿ ರೊಟ್ಟಿಯ ಕೆಳಗಿಟ್ಟುಕೊಂಡು, ಯಾದಗಿರಿಗೆ ಹೋಗಿ ರೈಲು ಹತ್ತುತ್ತಿದ್ದಳು. ಕಳ್ಳರ ಹೆದರಿಕೆ ಇಲ್ಲವೇ ಎಂದು ಕೇಳಿದ್ದಕ್ಕೆ, ಡಬ್ಬಿ ತೆಗೆದು ನೋಡಿದವನು ರೊಟ್ಟಿಯನ್ನೇ ಕದ್ದಾನು ಎಂದು ನಕ್ಕಿದ್ದಳು.

ಮುದುಕನಿಗೆ ಈ ಲೋಹ ಕಂಡರೇ ಸಿಟ್ಟು. ಬಂಗಾರಕ್ಕೆ ಇದ್ದಲಿನ ಅಗ್ಗಿಷ್ಟಿಕೆ ಸಾಕು, ಬಾಯಿಂದ ಊದಿದರೂ ಕರಗುತ್ತದೆ. ಪ್ಲಾಟಿನಂಗೆ ಸಿಲಿಂಡರಿನ ಉರಿ ಬೇಕು, ಇದ್ದಲು ಸೋಕಿದರೆ ಕೆಡುತ್ತದೆ. ಬಂಗಾರ ಉಜ್ಜಿದ ಅರದಿಂದ ಇದನ್ನು ಉಜ್ಜುವ ಹಾಗೂ ಇಲ್ಲ. ಹಾಗಾಗಿ ಅವಳ ಅರ, ಇಕ್ಕಳ, ಸುತ್ತಿಗೆ ಎಲ್ಲ ಬೇರೆ. ಅವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಮುದುಕ ಹೊರಗಿನ ಕಟ್ಟೆಯಿಂದಲೇ ಕೂಗುತ್ತಿದ್ದ.

"ನಾ ಮುಟ್ಟಿದ್ರ ಮೈಲಿಗಿ ಆಗ್ತದೇನು ನಿನ್ನ ಲೋಹ?"

"ಆಗ್ತದಪ್ಪ. ನಾ ಏನ್ ಮಾಡ್ಲಿ, ಇದರ ಮಡಿ ನಿನ್ನಕಿಂತ ಜಾಸ್ತಿ ಅದ."

ಅವನು ತೀರಿಕೊಂಡ ಮೇಲೆ ಅಗ್ಗಿಷ್ಟಿಕೆ ಮೂಲೆಗೆ ಸರಿಯಿತು. ಅಷ್ಟು ಇಕ್ಕಟ್ಟಾದ ಮನೆಯಲ್ಲಿ ಅದರ ಮೇಲೆ ಅವಳು ಒಂದು ಬಟ್ಟೆಯನ್ನೂ ಇಡಲಿಲ್ಲ. ಕಟ್ಟೆಯಿಂದ ಬೈಯುವವರಿಲ್ಲದೆ ಅವಳಿಗೆ ಮಾತು ಕಡಿಮೆಯಾಯಿತು. ನನ್ನಲ್ಲಿ ಮೊದಲೇ ಇರಲಿಲ್ಲ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನಾವಿಬ್ಬರೂ ಆಡಿದ್ದು ಚಹಾ ಆಯಿತೇ ಅನ್ನುವಷ್ಟೇ.

ಅವಳ ಹತ್ತಿರ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಅದರೊಳಗೆ ಜಾಲಿಕಾಯಿ, ಬಸವನಹುಳುವಿನ ಚಿಪ್ಪು, ಒಣಗಿದ ಬೇವಿನ ಹೂವಿನ ಕಡ್ಡಿ, ಕೊಕ್ಕರೆಯ ಗರಿ. ಎಲ್ಲ ಕಾಲುವೆಯ ದಂಡೆಯಲ್ಲಿ ಆರಿಸಿದ್ದು. ಸಂಜೆ ನಾವು ಅಲ್ಲಿಗೆ ನಡೆದು ಹೋಗುತ್ತಿದ್ದೆವು. ಅವಳು ಕಾಗದದ ಮೇಲೆ ಏನನ್ನೂ ಬರೆಯುತ್ತಿರಲಿಲ್ಲ. ಒಂದು ಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿನಿಂದ ತಿರುಗಿಸುತ್ತ ತಿರುಗಿಸುತ್ತ ಇರುತ್ತಿದ್ದಳು. ಅದನ್ನು ಹಾಗೇ ಲೋಹದಲ್ಲಿ ಇಳಿಸುವ ಆಸೆ. ಸೇಠ್ ಕೊಡುತ್ತಿದ್ದುದು ಬರೀ ಹೃದಯದ ಆಕಾರ, ಗುಲಾಬಿ ಹೂವು.

"ಈ ಗುಲಾಬಿ ನಾ ಎಲ್ಲಿ ನೋಡೀನಿ? ನೋಡದ್ದನ್ನ ಹೆಂಗ ಮಾಡ್ಲಿ?" ಎಂದು ಗೊಣಗುತ್ತಲೇ ಮಾಡುತ್ತಿದ್ದಳು.

ಒಮ್ಮೆ ಗಟ್ಟಿ ಮನಸ್ಸು ಮಾಡಿದಳು. ಕೂಲಿಯ ಬದಲು ಸೇಠ್ ಕಡೆಯಿಂದ ಚೂರು ತಗಡು ಕೇಳಿ ತೆಗೆದುಕೊಂಡಳು. ತನ್ನದೇ ಒಂದು ಪದಕ ಮಾಡಿ ಒಯ್ದು ತೋರಿಸುವುದು. ಅವನು ಒಪ್ಪಿದರೆ ಇನ್ನು ಡಬ್ಬಿಯಲ್ಲಿದ್ದುದನ್ನೇ ಮಾಡುವುದು. ಒಪ್ಪದಿದ್ದರೆ? "ಸಾಯೋತನಕ ಗುಲಾಬಿ" ಅಂದಳು.

ಏನು ಮಾಡಬೇಕೆಂದು ನನ್ನನ್ನು ಕೇಳಿದಳು. ನನಗೆ ತಿಳಿದಿದ್ದು ಹತ್ತಿ ಒಂದೇ. ನನ್ನ ತವರೂರು ಹತ್ತಿಕುಣಿಯಲ್ಲಿ ಅವ್ವನ ಹಿಂದೆ ಹತ್ತಿ ಬಿಡಿಸುತ್ತ ಬೆಳೆದವಳು ನಾನು. ಹತ್ತಿ ಬಿಡಿಸಿಕೊಂಡ ಮೇಲೆ ಗಿಡದಲ್ಲಿ ಖಾಲಿ ಕಾಯಿ ಉಳಿಯುತ್ತದಲ್ಲ, ನಾಲ್ಕು ಎಸಳು ಬಿರಿದುಕೊಂಡು, ಅದರ ಮಾತು ಹೇಳಿದೆ. ಚಿಕ್ಕವಳಿದ್ದಾಗ ಸಂಜೆ ಹೊಲದಿಂದ ಹೊರಳಿ ನೋಡಿದರೆ ಹೊಲ ತುಂಬ ಅವೇ ನಿಂತಿರುತ್ತಿದ್ದವು, ಹತ್ತಿ ಇದ್ದಾಗಿನದಕ್ಕಿಂತ ಆಗಲೇ ನನಗೆ ಚಂದ ಕಾಣುತ್ತಿತ್ತು ಎಂದೂ ಹೇಳಿದೆ. ನಾನು ಅಷ್ಟು ಮಾತಾಡಿದ್ದು ಅವಳಿಗೆ ಆಶ್ಚರ್ಯ.

ಆಗಷ್ಟೇ ಬಿರಿದ ಕಾಯಿ ನೋಡಿ ಮಾಡಿದ ಮೊದಲನೆಯದು ನನ್ನ ಸೆರಗನ್ನು ಹಿಡಿದು ಹರಿಯಿತು. ತುದಿಗಳು ಸೂಜಿಯಂತೆ. ಹತ್ತಿ ಬಿಡಿಸುವವರ ಉಗುರ ಸಂದಿಯಲ್ಲಿ ನೆತ್ತರು ಬರುವುದು ಅವುಗಳಿಂದಲೇ. ಪಟ್ಟಣದ ಹೆಂಗಸರು ಇದನ್ನು ಹಾಕಿಕೊಳ್ಳುವುದಿಲ್ಲ, ತುದಿಯನ್ನು ಉಜ್ಜಿ ಮೊಂಡು ಮಾಡಿದರೆ ಅದು ಹತ್ತಿಕಾಯಿಯೇ ಅಲ್ಲ ಎಂದು ಅವಳು ತಲೆ ಮೇಲೆ ಕೈ ಹೊತ್ತು ಕುಳಿತಳು.

ಶಿವರಾತ್ರಿ ಕಳೆದಿತ್ತು. ಕಾಲುವೆಯ ಕೆಳಗಿನ ಹೊಲಗಳೆಲ್ಲ ಭತ್ತಕ್ಕೆ ತಿರುಗಿದ್ದವು. ನಾನೊಬ್ಬಳೇ ಕಾಲುವೆ ದಾಟಿ, ನೀರು ಹತ್ತದ ಮೇಲಿನ ಹೊಲಗಳಿಗೆ ನಡೆದು, ಇನ್ನೂ ಕೀಳದೆ ಬಿಟ್ಟ ಹತ್ತಿಗಿಡದ ಒಂದು ಟೊಂಗೆ ಮುರಿದು ತಂದೆ. ಅವಳು ಕಾಯಿಯ ಮೇಲೆ ಬೆರಳು ಆಡಿಸಿದಳು. ಮತ್ತೆ ಆಡಿಸಿದಳು.

"ಇದ್ಯಾಕ ಚುಚ್ಚವಲ್ದು?"

"ಹಳೀದದ ಯಕ್ಕಾ. ಬಿಸಿಲಾಗ ನಿಂತು ನಿಂತು ತುದಿ ಹಿಂದಕ ಹೊಳ್ಳತಾವ. ಆಮ್ಯಾಲ ಚುಚ್ಚಂಗಿಲ್ಲ."

ಆ ಹಳೆಯ ಕಾಯಿಯನ್ನು ಅವಳು ಮಾಡಿದಳು. ನಾಲ್ಕು ಎಸಳು ಬೇರೆ ಬೇರೆ ತಟ್ಟಿ, ಒಂದೊಂದರ ತುದಿಯನ್ನೂ ಹಿಂದಕ್ಕೆ ಹೊರಳಿಸಿ, ಅದರದೇ ಲೋಹದಿಂದ ಬುಡದಲ್ಲಿ ಬೆಸೆದಳು. ಉರಿಯಿಂದ ಹೊರಗೆ ಬಂದಾಗ ಬೆಳ್ಳಿಯ ಹಾಗೆ ಕಪ್ಪಾಗಿರಲಿಲ್ಲ. ಒಳಗೆ ಹೋದಾಗ ಎಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗಿತ್ತು. ಒಳಗಡೆ ಹೊಳಪು ಕೊಡದೆ ಮಂಕಾಗಿಯೇ ಬಿಟ್ಟಳು.

ಆ ಸಲ ಹೈದರಾಬಾದಿಗೆ ನನ್ನನ್ನೂ ಕರೆದುಕೊಂಡು ಹೋದಳು. ಹುಬ್ಬನ್ನು ಎರಡು ಸಲ ಅಳಿಸಿ ಬರೆದಳು. ಸೇಠ್ ಕೆಟ್ಟವನಲ್ಲ. ಚಹಾ ತರಿಸಿದ, ನನಗೂ ಕುರ್ಚಿ ಹಾಕಿಸಿದ. ಪದಕವನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದ. ಅವರು ಹಿಂದಿಯಲ್ಲಿ ಮಾತಾಡಿದರು, ನನಗೆ ತಿಳಿಯಲಿಲ್ಲ. ಕಡೆಗೆ ಅವನು ಎದ್ದು ಒಂದು ಮುತ್ತು ತಂದು, ಚಿಮಟದಿಂದ ಎಸಳುಗಳ ನಡುವೆ ಇಟ್ಟು, ಕೈ ಹಿಂದೆ ತೆಗೆದ. ಚಂದವೇ ಇತ್ತು. ಅಂಗಡಿಯ ಹುಡುಗಿಯರೆಲ್ಲ ಬಗ್ಗಿ ನೋಡಿದರು.

ಪತ್ತಾರಕ್ಕ ಚಹಾದ ಕಪ್ಪು ಕೆಳಗಿಟ್ಟಳು. ನನ್ನ ಕಡೆ ತಿರುಗಿದಳು.

"ಮುತ್ತು ಕೂರಿಸಿದ್ರ ಬೇಕಾದಷ್ಟು ಮಾಡಿಸ್ತೀನಿ ಅಂತಾನ. ಹತ್ತಿ ಬಿಡಿಸಿದಾಕಿ ನೀ. ನೀ ಹೇಳು ತಂಗೀ, ಹೆಂಗ ಕಾಣ್ತದ?"

ಅಷ್ಟು ಜನರ ನಡುವೆ ನಾನು ಬಾಯಿ ತೆರೆಯುವವಳಲ್ಲ. ಆದರೂ ಕೇಳಿದ್ದು ಅವಳು.

"ಬಿಡಿಸೋದು ಬಾಕಿ ಉಳದಂಗ ಕಾಣ್ತದ" ಅಂದೆ.

ಅವಳು ಜೋರಾಗಿ ನಕ್ಕಳು. ಅದನ್ನು ಸೇಠ್‌ಗೆ ಹಿಂದಿಯಲ್ಲಿ ಹೇಳಿದಳು, ಅವನೂ ಸ್ವಲ್ಪ ನಕ್ಕ. ಆಮೇಲೆ ಅವಳು ಎರಡು ಬೆರಳಿನಲ್ಲಿ ಮುತ್ತನ್ನು, ನಾವು ಹತ್ತಿ ಬಿಡಿಸುತ್ತೇವಲ್ಲ ಹಾಗೇ ಎಳೆದು ತೆಗೆದು, ಅವನ ಮುಂದೆ ಇಟ್ಟಳು.

ತಿರುಗಿ ಬರುವಾಗ ರೈಲಿನಲ್ಲಿ ಸೇಠ್ ಏನಂದ ಎಂದು ಕೇಳಿದೆ. "ಖಾಲಿದು ಯಾರೂ ಕೊಳ್ಳಂಗಿಲ್ಲ ಅಂದ. ಖರೇನ ಅಂದಾನ. ಅಂಗಡಿ ಅವಂದು" ಅಂದಳು. ನನ್ನ ಮಾತಿನಿಂದ ಕೆಟ್ಟಿತೇ ಎಂದು ಕೇಳಿದ್ದಕ್ಕೆ, ತನ್ನ ಮನಸ್ಸಿನಲ್ಲಿದ್ದುದಕ್ಕೆ ಸಿಗದ ಮಾತನ್ನು ನಾನೇ ಕೊಟ್ಟೆ ಅಂದಳು. ಕಿಟಕಿಯ ಪಕ್ಕ ಕುಳಿತಿದ್ದಳು. ಬೆವರಿಗೆ ಬರೆದ ಹುಬ್ಬು ಕರಗಿ ಕೆನ್ನೆಗೆ ಇಳಿದಿತ್ತು. ನಾನು ಹೇಳಲಿಲ್ಲ, ಅವಳು ಒರೆಸಿಕೊಳ್ಳಲೂ ಇಲ್ಲ.

ಆಮೇಲೆ ಅವಳು ಗುಲಾಬಿಗಳನ್ನೇ ಮಾಡಿದಳು. ತನ್ನದೆಂದು ಇನ್ನೊಂದನ್ನು ಮಾಡಲಿಲ್ಲ. ಸಂಜೆ ಕಾಲುವೆಗೆ ಹೋಗುವುದು ಮಾತ್ರ ಬಿಡಲಿಲ್ಲ. ಡಬ್ಬಿ ತುಂಬುತ್ತಲೇ ಇತ್ತು.

ಊರಿಗೆ ಬಂದ ಮರುದಿನವೇ ಪದಕಕ್ಕೆ ಕರಿ ಹುರಿ ಪೋಣಿಸಿ ನನ್ನ ಕೈಗಿಟ್ಟಳು. ನಾನು ಹಿಂದೆ ಸರಿದೆ. ನಿಮ್ಮ ಅಜ್ಜ ಹೋದ ಮೇಲೆ ನನ್ನ ಕೊರಳಿಗೆ ಒಂದು ನೂಲೂ ಬಿದ್ದಿರಲಿಲ್ಲ. ಓಣಿಯವರು ಏನಂದಾರು ಅಂದೆ.

"ಈ ಓಣ್ಯಾಗ ಇದೇನಂತ ಯಾರಿಗಿ ಗೊತ್ತದ? ಸ್ಟೀಲಂತಾರ. ಸ್ಟೀಲ್ ಹಾಕ್ಕೊಳ್ಳಾಕ ಯಾರ್ ಬ್ಯಾಡಂತಾರ?"

ಹಾಕಿಕೊಂಡು ನಲ್ಲಿಗೆ ಹೋದ ದಿನವೇ ಒಬ್ಬಾಕೆ ಅದನ್ನು ಹಿಡಿದು ನೋಡಿ, ಬೀಗದ ಕೈ ಕಟ್ಟಿಕೊಳ್ಳುವುದೇ ಎಂದು ಕೇಳಿದಳು. ಹೌದ್ರಿ ಅಂದುಬಿಟ್ಟೆ. ಅಂದ ಮೇಲೆ ಬೀಗದ ಕೈ ಬೇಕಲ್ಲ. ಮನೆಗೆ ಬಂದು ಟ್ರಂಕಿನ ಬೀಗದ ಕೈಯನ್ನು ಅದೇ ಹುರಿಗೆ ಪೋಣಿಸಿದೆ. ಪತ್ತಾರಕ್ಕ ಅದನ್ನು ನೋಡಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಬೀಗದ ಕೈ ತಿಕ್ಕಿ ಗೀರು ಬೀಳುತ್ತದೆ, ಸವೆದು ಹೋದೀತು ಎಂದು ನಾನು ಹೆದರಿದಾಗ ಅವಳು ಹೇಳಿದ್ದು ಇಷ್ಟು.

"ಬಂಗಾರ ಸವೀತದ. ಇದು ಸವೆಯಂಗಿಲ್ಲ. ಗೀರು ಬೀಳ್ತದ ಖರೆ, ಆದ್ರ ಎಲ್ಲೂ ಹೋಗಂಗಿಲ್ಲ. ಬಾಜೂಕ ಸರದು ಕುಂದರ್ತದ."

ಎಷ್ಟೋ ವರ್ಷ ಹಾಗೇ ಹಾಕಿಕೊಂಡಿದ್ದೆ. ನಿಮ್ಮ ಅಜ್ಜನ ನೆನಪಾದಾಗಲೆಲ್ಲ ಕೈ ಅಲ್ಲಿಗೇ ಹೋಗುತ್ತಿತ್ತು, ಆ ಮಾತೂ ನೆನಪಾಗುತ್ತಿತ್ತು.

ಕಾಲುವೆಗೆ ನೀರು ನಿಲ್ಲಿಸಿದ ಒಂದು ಬೇಸಿಗೆಯಲ್ಲಿ ಅವಳಿಗೆ ಹೊಟ್ಟೆನೋವು ಬಂತು. ಕಲಬುರಗಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದರು. ಮಳೆಗಾಲದ ಮೊದಲೇ ಹೋಗಿಬಿಟ್ಟಳು. ಸಂಬಂಧಿಕರ ಹೆಂಗಸರು ಬಂದು, ಗಂಡ ಬದುಕಿದ್ದಾನೆಂದು, ಅರಿಸಿನ ಕುಂಕುಮ ಹಚ್ಚಿ ಹಸಿರು ಬಳೆ ತೊಡಿಸಿದರು. ನಾನು ಗಂಡ ಸತ್ತವಳು, ಬಾಗಿಲ ಹಿಂದೆ ನಿಂತಿದ್ದೆ. ಅಲ್ಲಿಂದ ಅವಳ ಮುಖ ಕಾಣುತ್ತಿತ್ತು. ಎಲ್ಲ ಆಗಿತ್ತು, ಹುಬ್ಬು ಅರ್ಧವೇ ಇತ್ತು.

ನಾನು ಎಲ್ಲಿಯೂ ಮುಂದೆ ಹೋಗಿ ನಿಂತವಳಲ್ಲ. ಅಂದು ಒಳಗೆ ಹೋಗಿ, ಗೂಡಿನಲ್ಲಿದ್ದ ಅವಳ ಕಾಡಿಗೆ ಡಬ್ಬಿ ತೆಗೆದು, ಅವಳ ತಲೆಯ ಹತ್ತಿರ ಕುಳಿತೆ. ಯಾರೋ ಏನೋ ಅಂದರು. ಇನ್ಯಾರೋ ಬಿಡ್ರಿ ಅಂದರು. ಹೈದರಾಬಾದಿಗೆ ಹೊರಟಾಗ ಅವಳು ಬರೆದುಕೊಳ್ಳುತ್ತಿದ್ದ ಹಾಗೇ, ಕಡ್ಡಿಯಿಂದ, ಕಿವಿಯ ಕಡೆಗೆ ಎಳೆದೆ.

ಅಂದು ಸ್ನಾನ ಮಾಡಿ ಬಂದು ಹುರಿಯಿಂದ ಬೀಗದ ಕೈಯನ್ನು ಬಿಚ್ಚಿ ಗೂಟಕ್ಕೆ ಹಾಕಿದೆ. ಅಂದಿನಿಂದ ಪದಕ ಒಂದೇ ನನ್ನ ಕೊರಳಲ್ಲಿದೆ. ಚಿಕ್ಕವಳು ಕೇಳಿದ ಗೀರುಗಳು ಆ ಟ್ರಂಕಿನ ಬೀಗದ ಕೈಯವು. ಪದಕದಲ್ಲಿದ್ದ ಲೋಹವೆಲ್ಲ ಅದರಲ್ಲೇ ಇದೆ.

ನನ್ನ ನಂತರ ಇದು ನಿಮ್ಮಲ್ಲಿ ಯಾರಿಗೆ ಸೇರುತ್ತದೋ ಗೊತ್ತಿಲ್ಲ. ಯಾದಗಿರಿಯ ಅಂಗಡಿಯವನೊಬ್ಬ ಹುರಿ ಬದಲಿಸುವಾಗ ಇದನ್ನು ಗುರುತು ಹಿಡಿದ. ಒಳಗಿನ ಕಲ್ಲು ಬಿದ್ದುಹೋಗಿದೆ ಅಮ್ಮಾ, ಒಂದು ಮುತ್ತು ಕೂರಿಸಿಕೊಡಲೇ ಎಂದು ಕೇಳಿದ. ನಿಮಗೂ ಯಾರಾದರೂ ಕೇಳುತ್ತಾರೆ. ಬೇಡ ಅನ್ನಿ. ಏನೂ ಬಿದ್ದಿಲ್ಲ ಅನ್ನಿ. ಇದರ ಹತ್ತಿ ಬಿಡಿಸಿ ಆಗಿದೆ.