ಬೂಟಿನ ಸಪ್ಪಳ ಮತ್ತ ನನ್ನ ಗಿಟಾರ್

ದೋಸ್ತರ, ಎಲೆಕ್ಟ್ರಿಕ್ ಗಿಟಾರಿನ ಶ್ರುತಿ ಇಳಿಬಾರ್ದು ಅಂತ ನೀವು ಹೇಳಿದ್ದೆಲ್ಲ ಮಾಡೀನಿ. ಹೊಸ ತಂತಿ ಜಗ್ಗಿ ಪಳಗಿಸಿದೆ. ತಂತಿ ಕೂಡೋ ಗೀರಿಗೆ ಪೆನ್ಸಿಲ್ ಪುಡಿ ಹಚ್ಚಿದೆ. ನಿನ್ನೆ ರಾಯಚೂರಿಗೆ ಹೋಗಿ ತಂತಿ ಸಡಲದಂಗ ಲಾಕ್ ಆಗೋ ಬಿರಡೆನೂ ಹಾಕಿಸಿದೆ.

ಇವತ್ತ ಮುಂಜಾನೆ ಶ್ರುತಿ ಮಾಡಿ ಗ್ವಾಡಿಗೆ ತೂಗುಹಾಕಿದೆ. ಅಷ್ಟರಾಗ ಮಕ್ತಲ್‌ನ ನಮ್ಮ ಓಣ್ಯಾಗ ಎಲೆಕ್ಷನ್ ಬಂದೋಬಸ್ತಿನ ಪೊಲೀಸರು ಬೂಟು ಬಡಕೋತ ಸಾಲಾಗಿ ಬಂದ್ರು. ನೋಡಾಕ ಬಾಗಿಲಿಗೆ ಹೋದೆ. ಒಳಗಿಂದ ಯಾರೋ ಕರದಂಗಾತು. ತಿರುಗಿ ಬಂದು ನೋಡಿದ್ರ ಆರೂ ತಂತಿ ಜೋತು ಬಿದ್ದಿದ್ವು.

ಮನ್ಯಾಗ ಇದ್ದಾಕಿ ಅಜ್ಜಿ ಒಬ್ಬಾಕೀನೇ. ಆಕಿ ಮಂಚ ಬಿಟ್ಟು ಏಳಲಾರದಂಗಾಗಿ ಎರಡು ವರ್ಷ ಆತು.

"ಯಾರು ಸಡಲಿಸಿದ್ರು?" ಅಂತ ಸಿಟ್ಟಿಲೆ ಕೇಳಿದೆ.

"ನಮ್ಮಪ್ಪ," ಅಂದ್ಲು. "ಪೊಲೀಸ್ ಆಕ್ಷನ್‌ಕಿಂತ ಮೊದಲು ರಜಾಕಾರರು ಲೂಟಿ ಮಾಡಾಕ ಓಣಿಗೆ ಬಂದಾಗೆಲ್ಲ ಹಿಂಗೇ ಮಾಡ್ತಿದ್ದ. ಮೊದಲು ತಂಬೂರಿ ತಂತಿ ಸಡಲಿಸಿ, ಆಮ್ಯಾಲೆ ನಮ್ಮನ್ನ ನೆಲದೊಳಗಿನ ಜೋಳದ ಹಗೇವಿನಾಗ ಇಳಿಸ್ತಿದ್ದ. ಇಲ್ಲಂದ್ರ ಬೂಟಿನ ಸಪ್ಪಳಕ್ಕ ತಂಬೂರಿ ತಾನಾಗೇ ಗುಂಯ್ ಅಂತಿತ್ತು, ಮನಿ ಖಾಲಿ ಇಲ್ಲಂತ ಗೊತ್ತಾಗ್ತಿತ್ತು."

ಆ ಮುತ್ತಜ್ಜ ನಾ ಹುಟ್ಟೋಕಿಂತ ಮೊದಲೇ ತೀರಿಕೊಂಡಾನ.

"ನಿನ್ನೂ ಒಳಗ ಕರದ. ಕೇಳಿಸ್ತಲ್ಲ?" ಅಂದ್ಲು.

ಬಿರಡೆಗೆ ಒಂದು ವರ್ಷ ಗ್ಯಾರಂಟಿ ಐತಿ. ಅಂಗಡಿಯವಗ ಏನಂತ ಹೇಳ್ಲಿ, ನೀವೇ ಹೇಳ್ರಿ.